ಲಿಂಫೋಸೈಟ್ ಎಣಿಸುವ ಯಂತ್ರಕ್ಕೆ ನಮ್ಮ ಜಿಲ್ಲೆಯ ಸ್ಲೈಡನ್ನೂ ತೋರಿಸಿ

ಮಾನ್ಯ ಸಂಪಾದಕರೇ,

ಕ್ಯಾನ್ಸರ್ ಗಡ್ಡೆಯಲ್ಲಿರುವ ರೋಗನಿರೋಧಕ ಕೋಶಗಳನ್ನು ಇನ್ನು ಕಂಪ್ಯೂಟರೇ ಹುಡುಕಿ ಎಣಿಸುತ್ತದೆ ಎಂಬ ಬರಹ ಈಚೆಗೆ ನಿಮ್ಮ ಪತ್ರಿಕೆಯಲ್ಲಿ ಬಂದಿತ್ತು. ಓದಿ ಖುಷಿಯಾಯಿತು. ನಮ್ಮ ಕೆಲಸದ ಸುದ್ದಿ ಪೇಪರಿನಲ್ಲಿ ಬರುವುದೇ ಅಪರೂಪ. ಬಂದರೂ ರಿಪೋರ್ಟ್ ತಡವಾಯಿತು ಅಂತ ಗಲಾಟೆ ಆದಾಗ ಮಾತ್ರ. ಆದರೆ ಬರಹದ ಕೊನೆಯ ಹೊತ್ತಿಗೆ, ಯಂತ್ರವೊಂದು ಬಂದುಬಿಟ್ಟರೆ ಜಿಲ್ಲಾ ಮಟ್ಟದ ಪೆಥಾಲಜಿ ತೊಂದರೆಯೆಲ್ಲ ತೀರಿಹೋಯಿತು ಅನ್ನುವ ಧಾಟಿ ಇತ್ತು. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ನಾನು ದಾವಣಗೆರೆಯಲ್ಲಿ ಹಿಸ್ಟೋಪೆಥಾಲಜಿ ಲ್ಯಾಬ್ ಟೆಕ್ನಿಷಿಯನ್. ಆಪರೇಷನ್ ಥಿಯೇಟರಿನಲ್ಲಿ ತೆಗೆದ ಗಡ್ಡೆ, ಬಯಾಪ್ಸಿ ಚೂರು, ಎಲ್ಲ ಬಂದು ಸೇರುವುದು ನಮ್ಮ ಲ್ಯಾಬಿಗೆ. ಅದನ್ನು ಮೇಣದ ಬ್ಲಾಕ್ ಮಾಡಿ, ತೆಳ್ಳಗೆ ಕತ್ತರಿಸಿ, ಗಾಜಿನ ಮೇಲೆ ಏರಿಸಿ, ಬಣ್ಣ ಹಾಕಿ, ಪೆಥಾಲಜಿಸ್ಟ್ ಮೇಜಿನ ಮೇಲೆ ಟ್ರೇ ಇಡುವವರು ನಾವು. ರಿಪೋರ್ಟಿನಲ್ಲಿ ನಮ್ಮ ಹೆಸರು ಇರುವುದಿಲ್ಲ, ಇರಬೇಕು ಅಂತಲೂ ಕೇಳುತ್ತಿಲ್ಲ. ಆದರೆ ಈ ಯಂತ್ರ ನೋಡುವುದು ರೋಗಿಯನ್ನಲ್ಲ, ಗಡ್ಡೆಯನ್ನೂ ಅಲ್ಲ. ನಾವು ಮಾಡಿದ ಸ್ಲೈಡಿನ ಫೋಟೋವನ್ನು. ಹಾಗಾಗಿ ನಮಗೂ ನಾಲ್ಕು ಮಾತು ಹೇಳುವ ಹಕ್ಕಿದೆ ಅಲ್ವಾ?

ಮೊದಲು ವಿಷಯ ಏನು ಅಂತ ಹೇಳಿಬಿಡುತ್ತೇನೆ. ಗಡ್ಡೆಯ ಸ್ಲೈಡನ್ನು ಮೈಕ್ರೋಸ್ಕೋಪಿನಲ್ಲಿ ಇಟ್ಟರೆ ಅಲ್ಲಿ ಕ್ಯಾನ್ಸರ್ ಕೋಶಗಳಷ್ಟೇ ಇರುವುದಿಲ್ಲ. ಸುತ್ತಮುತ್ತ, ಕೆಲವೊಮ್ಮೆ ಗಡ್ಡೆಯ ಒಳಗೇ ನುಗ್ಗಿ, ಪುಟ್ಟ ದುಂಡನೆಯ ಕಡುನೀಲಿ ಚುಕ್ಕೆಗಳು ಕಾಣುತ್ತವೆ. ಅವು ಲಿಂಫೋಸೈಟ್, ಬಿಳಿ ರಕ್ತಕಣದ ಒಂದು ಬಗೆ. ಗಡ್ಡೆಯಲ್ಲಿ ಬಿಳಿ ರಕ್ತಕಣ ಇರುವುದನ್ನು ಜರ್ಮನಿಯ ರುಡಾಲ್ಫ್ ವಿರ್ಶೋ 1863ರಲ್ಲೇ ಗಮನಿಸಿದ್ದರು. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಮಾತ್ರ ನೂರು ವರ್ಷಕ್ಕಿಂತ ಜಾಸ್ತಿ ಬೇಕಾಯಿತು. 2006ರಲ್ಲಿ ಪ್ಯಾರಿಸ್ಸಿನ ಜೆರೋಮ್ ಗಾಲೋನ್ ಮತ್ತು ಜೊತೆಯವರು ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಈ ಕಣಗಳು ಎಲ್ಲಿವೆ, ಎಷ್ಟಿವೆ ಅನ್ನುವುದರ ಮೇಲೆ ರೋಗಿ ಎಷ್ಟು ಕಾಲ ಬದುಕುತ್ತಾರೆ ಅಂತ ಅಂದಾಜು ಮಾಡಬಹುದು ಎಂದು ತೋರಿಸಿದರು. ಅದೇ ಮುಂದೆ ಇಮ್ಯೂನೋಸ್ಕೋರ್ ಆಯಿತು. 2018ರಲ್ಲಿ 13 ದೇಶಗಳ 2,681 ರೋಗಿಗಳ ಮೇಲೆ ಅದನ್ನು ಮತ್ತೆ ಪರೀಕ್ಷಿಸಿ ಪ್ರಕಟಿಸಿದರು. ಅದೇ ವರ್ಷ ಜೇಮ್ಸ್ ಆಲಿಸನ್, ತಸುಕು ಹೊಂಜೊ ಇಬ್ಬರಿಗೂ ನೊಬೆಲ್ ಬಂತು. ಈ ಕಣಗಳ ಕೈಕಟ್ಟಿ ಹಾಕುವ ತಡೆಯನ್ನು ಬಿಡಿಸಿದರೆ ಅವೇ ಕ್ಯಾನ್ಸರ್ ಮೇಲೆ ಬೀಳುತ್ತವೆ ಅನ್ನುವ ಸಂಶೋಧನೆಗೆ.

ಸ್ತನ ಕ್ಯಾನ್ಸರಿನಲ್ಲಿ ಟ್ರಿಪಲ್ ನೆಗೆಟಿವ್ ಅಂತ ಒಂದು ಬಗೆ ಇದೆ. ಕ್ಯಾನ್ಸರ್ ಕೋಶದಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಹಾರ್ಮೋನುಗಳ ರಿಸೆಪ್ಟರೂ ಇಲ್ಲ, ಹರ್-2 ಎಂಬ ಪ್ರೋಟೀನೂ ಜಾಸ್ತಿ ಇಲ್ಲ. ಹಾರ್ಮೋನ್ ಮಾತ್ರೆಗೆ ಬಗ್ಗದ ಬಗೆ. ಪಾಶ್ಚಾತ್ಯ ದೇಶಗಳಿಗಿಂತ ನಮ್ಮ ದೇಶದ ಹೆಣ್ಣುಮಕ್ಕಳಲ್ಲಿ ಇದರ ಪಾಲು ಜಾಸ್ತಿ. ಈ ಬಗೆಯಲ್ಲಿ ಲಿಂಫೋಸೈಟ್ ತುಂಬಿಕೊಂಡಿದ್ದರೆ ರೋಗಿಗೆ ಒಳ್ಳೆಯ ಸೂಚನೆ. ಕೀಮೋಗೂ ಚೆನ್ನಾಗಿ ಬಗ್ಗುತ್ತದೆ. ಎಣಿಕೆಯೊಂದರಿಂದಲೇ ಔಷಧಿ ತೀರ್ಮಾನ ಆಗುವುದಿಲ್ಲ, ಅದೊಂದು ಸೂಚನೆ ಅಷ್ಟೇ. ಮೇಲೆ ಹೇಳಿದ ತಡೆಯನ್ನು ಬಿಡಿಸುವ ಇಮ್ಯೂನೋಥೆರಪಿ ಇಂಜೆಕ್ಷನ್ ರೇಟು ಕೇಳಿದವರಿಗೆ ಗೊತ್ತು, ಎಣಿಕೆ ಎಷ್ಟೇ ಚೆನ್ನಾಗಿ ಬಂದರೂ ಆ ರೇಟು ಇಳಿಯುವುದಿಲ್ಲ. ಅದು ಬೇರೆ ಪತ್ರ.

ಈಗ ಎಣಿಸುವುದು ಹೇಗೆ? ಹೇಳಿದರೆ ನಗುತ್ತೀರಿ. ಕಣ್ಣಂದಾಜು. 2014ರಲ್ಲಿ ಅಂತರರಾಷ್ಟ್ರೀಯ ತಜ್ಞರ ಗುಂಪೊಂದು ಸ್ತನ ಕ್ಯಾನ್ಸರಿಗೆ ಒಂದು ಪದ್ಧತಿ ಹೇಳಿತು. ಗಡ್ಡೆಯ ನಡುವಿನ ನಾರಿನಂಥ ಜಾಗದಲ್ಲಿ, ಅಂದರೆ ಸ್ಟ್ರೋಮಾದಲ್ಲಿ, ಶೇಕಡಾ ಎಷ್ಟು ಜಾಗವನ್ನು ಈ ಕಣಗಳು ಹಿಡಿದಿವೆ ಅಂತ ನೋಡಿ ಬರೆಯಬೇಕು. ಕೊಳೆತ ಜಾಗ ಬಿಡಬೇಕು, ಹಿಂದಿನ ಬಯಾಪ್ಸಿ ಗಾಯದ ಜಾಗ ಬಿಡಬೇಕು, ಒಂದೇ ಕಡೆ ಗುಂಪಾಗಿದ್ದರೆ ಅದನ್ನೇ ನೋಡಿ ಬರೆಯಬಾರದು, ಸರಾಸರಿ ಹೇಳಬೇಕು. ಒಳ್ಳೆಯ ಪದ್ಧತಿಯೇ. ಆದರೆ ಒಂದೇ ಸ್ಲೈಡಿಗೆ ಒಬ್ಬ ಡಾಕ್ಟರು 20 ಅಂದರೆ ಇನ್ನೊಬ್ಬರು 40 ಅನ್ನುವುದು ಅಪರೂಪವೇನಲ್ಲ. ಇಬ್ಬರೂ ಅನುಭವಿಗಳೇ. ಬೆಳಗಿನಿಂದ ಟ್ರೇ ಮೇಲೆ ಟ್ರೇ ನೋಡಿ ಸಂಜೆ ಐದಕ್ಕೆ ಕೊನೆಯ ಸ್ಲೈಡ್ ಹಿಡಿದಾಗ ಕಣ್ಣು ಸೋತಿರುತ್ತದೆ. ಯಂತ್ರಕ್ಕೆ ಬೆಳಿಗ್ಗೆಯೂ ಒಂದೇ, ಸಂಜೆಯೂ ಒಂದೇ. ಇದರಲ್ಲಿ ಅನುಮಾನವಿಲ್ಲ. ಹಾಗಾಗಿ ನಾನು ಯಂತ್ರದ ವಿರೋಧಿ ಅಂತ ದಯವಿಟ್ಟು ಓದಿಕೊಳ್ಳಬೇಡಿ.

ಯಂತ್ರ ಕಲಿಯುವುದೂ ಮನುಷ್ಯರಿಂದಲೇ. ಡೀಪ್ ಲರ್ನಿಂಗ್ ಅನ್ನುವುದರಲ್ಲಿ ನಿಯಮ ಬರೆದು ಕೊಡುವುದಿಲ್ಲ. ದುಂಡಗಿದ್ದರೆ, ಕಡುನೀಲಿ ಇದ್ದರೆ ಲಿಂಫೋಸೈಟ್ ಅಂತ ಯಾರೂ ಹೇಳಿಕೊಡುವುದಿಲ್ಲ. ತಿಳಿದವರು ಕೂತು ಸಾವಿರಾರು ಕಣಗಳ ಮೇಲೆ ಗುರುತು ಹಾಕಿದ ಚಿತ್ರಗಳನ್ನು ತೋರಿಸುತ್ತಾರೆ. ಅದು ಊಹೆ ಮಾಡುತ್ತದೆ, ತಪ್ಪಾದಷ್ಟು ತನ್ನೊಳಗಿನ ಲಕ್ಷಾಂತರ ಅಂಕಿಗಳನ್ನು ಚೂರುಚೂರೇ ತಿದ್ದಿಕೊಳ್ಳುತ್ತದೆ, ಮತ್ತೆ ಊಹೆ ಮಾಡುತ್ತದೆ. ಹೀಗೇ. ಸ್ಕ್ಯಾನರಿನಲ್ಲಿ ಸಾಮಾನ್ಯವಾಗಿ ಒಂದು ಪಿಕ್ಸೆಲ್ ಅಂದರೆ ಕಾಲು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್). ಒಂದೂವರೆ ಸೆಂಟಿಮೀಟರ್ ಉದ್ದಗಲದ ಚೂರನ್ನು ಹಾಗೆ ಸ್ಕ್ಯಾನ್ ಮಾಡಿದರೆ ಆಚೆ 60 ಸಾವಿರ, ಈಚೆ 60 ಸಾವಿರ, ಒಟ್ಟು 360 ಕೋಟಿ ಪಿಕ್ಸೆಲ್. ಒಂದು ಲಿಂಫೋಸೈಟ್ ಅದರಲ್ಲಿ ಅಡ್ಡಕ್ಕೆ ಸುಮಾರು 30 ಪಿಕ್ಸೆಲ್. ಇಷ್ಟು ದೊಡ್ಡ ಚಿತ್ರ ಒಂದೇ ಸಲಕ್ಕೆ ಸಾಮಾನ್ಯವಾಗಿ ಕಂಪ್ಯೂಟರಿಗೆ ಹಿಡಿಸುವುದಿಲ್ಲ. 256 ಪಿಕ್ಸೆಲ್ ಚೌಕಗಳಾಗಿ ತುಂಡು ಮಾಡಿದರೆ ಸುಮಾರು 55 ಸಾವಿರ ತುಂಡು. ಒಂದೊಂದನ್ನೂ ನೋಡಿ, ಸಿಕ್ಕ ಕಣಕ್ಕೆ ಗುರುತು ಹಾಕಿ, ಕೊನೆಗೆ ಎಲ್ಲ ಸೇರಿಸಿ ನಕ್ಷೆ ಕೊಡುತ್ತದೆ.

ನೆದರ್‌ಲ್ಯಾಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಒಂದು ಕೆಲಸ ಇಲ್ಲಿ ಹೇಳಲೇಬೇಕು. ಅವರು ಎಚ್ ಅಂಡ್ ಇ, ಅಂದರೆ ಮಾಮೂಲಿ ನೀಲಿ-ಗುಲಾಬಿ ಬಣ್ಣದ ಸ್ಲೈಡ್ ತೆಗೆದುಕೊಳ್ಳಲಿಲ್ಲ. ಲಿಂಫೋಸೈಟ್ ಮೈಮೇಲಿರುವ ಸಿಡಿ-3, ಸಿಡಿ-8 ಎಂಬ ಗುರುತುಗಳಿಗೆ ಆಂಟಿಬಾಡಿಯಿಂದ ಇಮ್ಯೂನೋ ಬಣ್ಣ ಹಾಕಿದ ಸ್ಲೈಡ್ ತೆಗೆದುಕೊಂಡರು. ಅದರಲ್ಲಿ ಬೇಕಾದ ಕಣ ಕಂದು ಬಣ್ಣದಲ್ಲಿ ಎದ್ದು ಕಾಣುತ್ತದೆ. ಅಂದರೆ ಕೆಲಸ ಅರ್ಧ ಸುಲಭ. ಹಾಗಿದ್ದೂ 1,71,166 ಕಣಗಳ ಮೇಲೆ ಕೈಯಿಂದ ಗುರುತು ಹಾಕಿದರು. ಸ್ತನ, ದೊಡ್ಡ ಕರುಳು, ಪ್ರಾಸ್ಟೇಟ್ ಕ್ಯಾನ್ಸರಿನ ಸ್ಲೈಡುಗಳು, ಒಂಬತ್ತು ಬೇರೆ ಬೇರೆ ಆಸ್ಪತ್ರೆಗಳಿಂದ. ನಾಲ್ಕು ಬಗೆಯ ಡೀಪ್ ಲರ್ನಿಂಗ್ ವಿಧಾನಗಳಿಗೆ ಕಲಿಸಿ ನೋಡಿದರು. ಯು-ನೆಟ್ ಎಂಬುದು ಮುಂದೆ ಬಂತು. ನಿಜವಾದ ಎಣಿಕೆಗೆ ಅದರ ಹೊಂದಾಣಿಕೆ ಕಪ್ಪಾ ಅನ್ನುವ ಅಳತೆಯಲ್ಲಿ (ಪೂರ್ತಿ ಹೊಂದಿದರೆ 1) 0.72. ಅದೇ ಚಿತ್ರಗಳನ್ನು ನೋಡಿದ ನಾಲ್ಕು ಜನ ಪೆಥಾಲಜಿಸ್ಟರ ಸರಾಸರಿ 0.64. ನಿಮ್ಮ ಬರಹದವರು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಯಂತ್ರ ಗೆದ್ದಿತು, ಡಾಕ್ಟರು ಸೋತರು ಅಂತ ಹೆಡ್ಡಿಂಗ್ ಕೊಡಬಹುದು.

ಆದರೆ ಅದೇ ಕೆಲಸದಲ್ಲಿ ಇನ್ನೊಂದು ಅಂಕಿ ಇದೆ. ಎಷ್ಟು ಕಣ ಬಿಟ್ಟುಹೋಯಿತು, ಎಷ್ಟು ಅಲ್ಲದ್ದನ್ನು ಹೌದು ಅಂದಿತು, ಎರಡನ್ನೂ ಸೇರಿಸಿ ಕೊಡುವ ಅಂಕ ಅದು. ಪೂರ್ತಿ ಸರಿ ಇದ್ದರೆ 1. ಯು-ನೆಟ್ ಪಡೆದದ್ದು 0.78. ಚೆನ್ನಾಗಿದೆ, ಆದರೆ 99 ಪರ್ಸೆಂಟ್ ಅಲ್ಲ. ನನಗೆ ಇನ್ನೂ ಹಿಡಿಸಿದ್ದು ಬೇರೆ ವಿಷಯ. ಅವರು ಸ್ಲೈಡಿನ ಜಾಗಗಳನ್ನು ಮೂರು ಬಗೆ ಮಾಡಿ ಬೇರೆ ಬೇರೆಯಾಗಿ ಪರೀಕ್ಷಿಸಿದರು. ಸಾಮಾನ್ಯ ಜಾಗ, ಕಣಗಳು ಒಂದರ ಮೇಲೊಂದು ಗುಂಪು ಸೇರಿದ ಜಾಗ, ಮತ್ತು ಆರ್ಟಿಫ್ಯಾಕ್ಟ್ ಇರುವ ಜಾಗ. ಆರ್ಟಿಫ್ಯಾಕ್ಟ್ ಅಂದರೆ ರೋಗದಿಂದ ಬಂದದ್ದಲ್ಲ, ಸ್ಲೈಡ್ ಮಾಡುವಾಗ ಆದ ಹಾಳು. ಮಡಿಕೆ, ಗೀರು, ಬಣ್ಣದ ಕಲೆ, ಧೂಳು. ಯೂರೋಪಿನ ಲ್ಯಾಬುಗಳ ಸ್ಲೈಡಿನಲ್ಲೇ ಅದಕ್ಕೆ ಬೇರೆ ಲೆಕ್ಕ ಇಡಬೇಕಾಯಿತು ಅಂದರೆ ನಮ್ಮ ಕಡೆಯ ಗತಿ ಏನು, ನೀವೇ ಹೇಳಿ.

ಅಂದಹಾಗೆ, 99 ಪರ್ಸೆಂಟ್ ಅಂದದ್ದಕ್ಕೆ ಒಂದು ಮಾತು. ಯಂತ್ರ ಮಾರುವವರು ಈ ಅಂಕಿ ಜಾಸ್ತಿ ಹೇಳುತ್ತಾರೆ. ಒಂದು ಸ್ಲೈಡನ್ನು ಸಣ್ಣ ಸಣ್ಣ ಚೌಕ ಮಾಡಿದರೆ ನೂರರಲ್ಲಿ ಬಹುಪಾಲು ಚೌಕದಲ್ಲಿ ಲಿಂಫೋಸೈಟ್ ಇರುವುದೇ ಇಲ್ಲ ಅಂತಿಟ್ಟುಕೊಳ್ಳಿ. ಆಗ ಕಣ್ಣು ಮುಚ್ಚಿಕೊಂಡು ಎಲ್ಲಕ್ಕೂ ಇಲ್ಲ, ಇಲ್ಲ ಅಂದರೂ ಬಹುಪಾಲು ಸರಿಯೇ ಆಗುತ್ತದೆ! ಅಕ್ಯುರಸಿ ಎಷ್ಟು ಅಂತ ಕೇಳಬಾರದು. ಇದ್ದದ್ದರಲ್ಲಿ ಎಷ್ಟು ಹಿಡಿಯಿತು, ಹಿಡಿದದ್ದರಲ್ಲಿ ಎಷ್ಟು ನಿಜ, ಇವೆರಡು ಕೇಳಬೇಕು.

ಯಾವುದನ್ನು ನೋಡಿ ಮೋಸ ಹೋಗುತ್ತದೆ ಅನ್ನುವುದೂ ಮುಖ್ಯ. ಸಾಯುತ್ತಿರುವ ಕೋಶದ ಬೀಜ (ನ್ಯೂಕ್ಲಿಯಸ್) ಕುಗ್ಗಿ ಕಪ್ಪಾಗುತ್ತದೆ, ಅದು ಲಿಂಫೋಸೈಟ್ ಅನ್ನಿಸುತ್ತದೆ. ಬಯಾಪ್ಸಿ ತೆಗೆಯುವಾಗ ಚಿಮಟದಲ್ಲಿ ಒತ್ತಿ ಹಿಡಿದರೆ ಕೋಶಗಳು ಜಜ್ಜಿ ನೀಲಿ ಗೆರೆಗಳಾಗುತ್ತವೆ, ಅಲ್ಲಿ ಮನುಷ್ಯರಿಗೂ ಏನೂ ತಿಳಿಯುವುದಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಸ್ತನದ ಲೋಬ್ಯುಲರ್ ಕ್ಯಾನ್ಸರ್. ಅದರ ಕೋಶಗಳೇ ಚಿಕ್ಕವು, ದುಂಡಗಿನವು, ಒಂದರ ಹಿಂದೊಂದು ಸಾಲು ಹಿಡಿದು ಹೋಗುತ್ತವೆ. ಅನುಭವ ಇಲ್ಲದ ಕಣ್ಣಿಗೆ ಲಿಂಫೋಸೈಟ್ ಸಾಲು ಅನ್ನಿಸುತ್ತದೆ. ಅಂದರೆ ಕ್ಯಾನ್ಸರನ್ನೇ ಕಾವಲುಗಾರ ಅಂತ ಎಣಿಸುವ ಅಪಾಯ. ಇಂಥಲ್ಲಿ ತಪ್ಪಾದರೆ ಅಂಕಿ ಸ್ವಲ್ಪ ಹೆಚ್ಚುಕಡಿಮೆ ಆಗುವುದಲ್ಲ, ಅರ್ಥವೇ ತಿರುಗುಮುರುಗು.

ಇನ್ನು ನಮ್ಮ ಊರಿನ ಮಾತಿಗೆ ಬರುತ್ತೇನೆ. ಚನ್ನಗಿರಿಯ ಅಡಿಕೆ ಮಂಡಿಯಲ್ಲಿ ರಾಶಿ ಯಾವುದು, ಬೆಟ್ಟೆ ಯಾವುದು, ಸರಕು, ಗೊರಬಲು ಯಾವುದು ಅಂತ ಕೈಯಲ್ಲಿ ಹಿಡಿದ ಕೂಡಲೇ ಹೇಳುವವರಿದ್ದಾರೆ. ಹುಟ್ಟಿದಾಗಿನಿಂದ ಬೇಯಿಸಿದ ಕೆಂಪಡಿಕೆಯನ್ನೇ ನೋಡಿದ ಕಣ್ಣು. ಅವರನ್ನೇ ಕರೆದುಕೊಂಡು ಹೋಗಿ ಮಂಗಳೂರು ಕಡೆಯ ಚಾಲಿ ಅಡಿಕೆಯ ಮುಂದೆ ಕೂರಿಸಿ. ಬಣ್ಣ ಬೇರೆ, ಒಣಗಿಸಿದ ರೀತಿ ಬೇರೆ, ದರ್ಜೆಯ ಹೆಸರೇ ಬೇರೆ. ದಡ್ಡರಾದರು ಅಂತಲ್ಲ, ಅವರು ಕಲಿತ ಮಾಲು ಅದಲ್ಲ. ಡೀಪ್ ಲರ್ನಿಂಗಿಗೂ ಇದೇ ಕಷ್ಟ, ಒಂದು ವ್ಯತ್ಯಾಸ ಬಿಟ್ಟು. ಮಂಡಿಯವರು ಇದು ನನಗೆ ಗೊತ್ತಿಲ್ಲಪ್ಪ ಅನ್ನುತ್ತಾರೆ. ಯಂತ್ರ ಹಾಗೆ ಅನ್ನುವುದಿಲ್ಲ. ನೋಡದೇ ಇದ್ದ ಬಣ್ಣಕ್ಕೂ ಅಷ್ಟೇ ಧೈರ್ಯವಾಗಿ ಒಂದು ಅಂಕಿ ಕೊಟ್ಟುಬಿಡುತ್ತದೆ.

ಹೆಸರುವಾಸಿಯಾದ ಕೆಲಸಗಳೆಲ್ಲ ಯಾವ ಸ್ಲೈಡಿನ ಮೇಲೆ ನಡೆದವು ನೋಡಿ. 2018ರಲ್ಲಿ 13 ಬಗೆಯ ಕ್ಯಾನ್ಸರಿನ ಐದು ಸಾವಿರಕ್ಕೂ ಜಾಸ್ತಿ ಎಚ್ ಅಂಡ್ ಇ ಸ್ಲೈಡುಗಳಿಗೆ ಲಿಂಫೋಸೈಟ್ ನಕ್ಷೆ ಮಾಡಿದರು. ಬಹಳ ದೊಡ್ಡ ಕೆಲಸ. ಅವು ಅಮೆರಿಕ ಸರ್ಕಾರದ ಟಿಸಿಜಿಎ ಎಂಬ ಕ್ಯಾನ್ಸರ್ ಮಾದರಿಗಳ ಸಂಗ್ರಹದವು, ಬಹುಪಾಲು ಅಲ್ಲಿನ ರೋಗಿಗಳವು. ಇತ್ತ ನಮ್ಮ ಟ್ರೇಯಲ್ಲಿ ಜಾಸ್ತಿ ಬರುವುದು ಏನು? ಬಾಯಿ ಕ್ಯಾನ್ಸರ್. ಕೆನ್ನೆಯ ಒಳಗಿನದು, ದವಡೆಯ ಹತ್ತಿರದ್ದು. ಗುಟ್ಕಾ, ತಂಬಾಕು, ಅಡಿಕೆ. (ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ತಂಬಾಕು ಇಲ್ಲದ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಹಾಕಿದೆ. ತೋಟ ಇರುವ ನೆಂಟರ ಮನೆಯಲ್ಲಿ ಇದನ್ನು ಹೇಳಿದರೆ ಊಟ ಹಾಕುತ್ತಾರೋ ಇಲ್ಲವೋ, ಆದರೂ ಹೇಳಬೇಕು.) ವರ್ಷಗಟ್ಟಲೆ ಅಡಿಕೆ ಜಗಿದ ಬಾಯಿಯ ಚರ್ಮದ ಕೆಳಗೆ ನಾರು ಗಟ್ಟಿಯಾಗಿರುತ್ತದೆ. ಕ್ಯಾನ್ಸರ್ ಆಗುವ ಮೊದಲೇ ಅಲ್ಲಿ ಉರಿಯೂತದ ಕಣಗಳೂ ಇರುತ್ತವೆ. ಬಾಯಿ ಕ್ಯಾನ್ಸರಿನಲ್ಲೂ ಗಡ್ಡೆಯ ಅಂಚಿನಲ್ಲಿ ಲಿಂಫೋಸೈಟ್ ಹೇಗಿದೆ ಅಂತ ನಮ್ಮ ಡಾಕ್ಟರು ನೋಡುತ್ತಾರೆ. ಯಾವುದು ಗಡ್ಡೆಗೆ ಎದುರಾಗಿ ಬಂದ ಕಣ, ಯಾವುದು ಅಡಿಕೆಯಿಂದಾಗಿ ಮೊದಲೇ ಇದ್ದ ಕಣ? ಅಮೆರಿಕದ ಸ್ತನ ಕ್ಯಾನ್ಸರ್ ನೋಡಿ ಕಲಿತ ಯಂತ್ರಕ್ಕೆ ಈ ಪ್ರಶ್ನೆಯೇ ಹೊಸದು.

ರೋಗ ಬಿಡಿ, ಸ್ಲೈಡೇ ಬೇರೆ. ಇದು ನನ್ನ ಕಸುಬು, ಇಲ್ಲಿ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ.

ಗಡ್ಡೆ ದೇಹದಿಂದ ಹೊರಗೆ ಬಂದ ಗಳಿಗೆಯಿಂದ ಕೊಳೆಯಲು ಶುರು. ಅದನ್ನು ನಿಲ್ಲಿಸುವುದು ಫಾರ್ಮಲಿನ್. ಶೇಕಡಾ 10ರ ಬಫರ್ ಫಾರ್ಮಲಿನ್, ಗಡ್ಡೆಯ ಹತ್ತು ಪಟ್ಟು ಅಳತೆಯಲ್ಲಿ. ಅದು ಒಳಗೆ ಇಳಿಯುವುದು ಗಂಟೆಗೆ ಸುಮಾರು ಒಂದು ಮಿಲಿಮೀಟರ್, ಒಳಗೆ ಹೋದಷ್ಟೂ ಇನ್ನೂ ನಿಧಾನ. ದೊಡ್ಡ ಸ್ತನದ ಗಡ್ಡೆಯನ್ನು ಕೊಯ್ಯದೆ ಇಡಿಯಾಗಿ ಮುಳುಗಿಸಿಟ್ಟರೆ ಮೇಲೆ ಗಟ್ಟಿಯಾಗಿ, ಒಳಗೆ ಕೊಳೆತಿರುತ್ತದೆ. ಸ್ತನ ಕ್ಯಾನ್ಸರಿನ ಹಾರ್ಮೋನ್ ಪರೀಕ್ಷೆಗೆ 6 ಗಂಟೆಗಿಂತ ಕಡಿಮೆಯಾಗಬಾರದು, 72 ಗಂಟೆ ಮೀರಬಾರದು ಅಂತ ನಿಯಮವೇ ಇದೆ. ಇತ್ತ ನಮಗೆ ಬರುವುದು ಹೇಗೆ ಗೊತ್ತಾ? ತಾಲ್ಲೂಕು ಕಡೆಯ ಚಿಕ್ಕ ನರ್ಸಿಂಗ್ ಹೋಮಿನಿಂದ, ಕೊಳೆಯುವುದನ್ನು ತಡೆಯದ ಸಲೈನಿನಲ್ಲಿ (ಉಪ್ಪುನೀರಿನಲ್ಲಿ) ಹಾಕಿ ಬಸ್ಸಿನಲ್ಲಿ ಕಳಿಸುತ್ತಾರೆ. ಭಾನುವಾರ ಬೇರೆ ಅಡ್ಡ ಬಂದಿರುತ್ತದೆ. ಇಲ್ಲವೇ ಕಿರಿದಾದ ಬಾಯಿಯ ಬಾಟಲಿಯಲ್ಲಿ ಗಡ್ಡೆಯನ್ನು ತುರುಕಿ, ಮೇಲೆ ನಾಲ್ಕು ಚಮಚ ಫಾರ್ಮಲಿನ್. ಅದು ಒಳಗೆ ಗಟ್ಟಿಯಾಗಿ ಕೂತಿರುತ್ತದೆ, ಹೊರಗೆ ತೆಗೆಯಬೇಕೆಂದರೆ ಬಾಟಲಿ ಕತ್ತರಿಸಬೇಕು. ಒಮ್ಮೆ ಹೀಗೆ ಬಂದ ಗಡ್ಡೆಯ ಬಗ್ಗೆ ಫೋನ್ ಮಾಡಿ ಕೇಳಿದ್ದಕ್ಕೆ, ಏನ್ರೀ, ಕ್ಯಾನ್ಸರ್ ಹೌದೋ ಅಲ್ಲವೋ ಅಷ್ಟು ಹೇಳಿ ಸಾಕು ಅಂದರು. ಕ್ಯಾನ್ಸರ್ ಹೌದು ಅಂತ ಹೇಗೋ ಹೇಳಬಹುದು. ಕಣ ಎಣಿಸಲು ಆಗುವುದಿಲ್ಲ. ಕೊಳೆತ ಕೋಶದ ಬೀಜ ಮಸುಕಾಗುತ್ತದೆ ಇಲ್ಲವೇ ಕುಗ್ಗಿ ಕಪ್ಪಾಗುತ್ತದೆ. ಕುಗ್ಗಿ ಕಪ್ಪಾದದ್ದು ಯಾವುದರ ಹಾಗೆ ಕಾಣುತ್ತದೆ ಅಂತ ಆಗಲೇ ಹೇಳಿದ್ದೇನೆ.

ಆಮೇಲೆ ಕತ್ತರಿಸುವುದು. ಮೂರರಿಂದ ನಾಲ್ಕು ಮೈಕ್ರಾನ್ ದಪ್ಪ ಇರಬೇಕು. ಏಪ್ರಿಲ್ ತಿಂಗಳ ದಾವಣಗೆರೆ ಬಿಸಿಲಿನಲ್ಲಿ ಮೇಣ ಮೆತ್ತಗಾಗುತ್ತದೆ. ಬ್ಲಾಕನ್ನು ಐಸ್ ಮೇಲಿಟ್ಟು ತಂಪು ಮಾಡಿ, ತೆಳ್ಳಗೆ ಕತ್ತರಿಸುವ ಮೈಕ್ರೋಟೋಮ್ ಯಂತ್ರಕ್ಕೆ ಕೂರಿಸಬೇಕು. ಎರಡು ರಿಬ್ಬನ್ ತೆಗೆಯುವಷ್ಟರಲ್ಲಿ ಮತ್ತೆ ಮೆತ್ತಗೆ. ಬ್ಲೇಡು ಹಳತಾದರೆ ಗೀರು ಬೀಳುತ್ತದೆ, ಹೊಸ ಬ್ಲೇಡು ಕೇಳಿದರೆ ಸ್ಟೋರಿನಲ್ಲಿ ಇಂಡೆಂಟ್ ಹಾಕಿ ಅನ್ನುತ್ತಾರೆ. ಸೆಕ್ಷನ್, ಅಂದರೆ ಕತ್ತರಿಸಿದ ತೆಳು ಚೂರು, ಐದಾರು ಮೈಕ್ರಾನ್ ದಪ್ಪ ಬಂದರೆ ಒಂದರ ಮೇಲೊಂದು ಕಣ ಕೂತು ಎಲ್ಲ ಕಡುನೀಲಿ. ಡಾಕ್ಟರು ಫೈನ್ ಫೋಕಸ್ ತಿರುಗಿಸಿ ಮೇಲೆ ಕೆಳಗೆ ನೋಡಿ ಬಿಡಿಸಿಕೊಳ್ಳುತ್ತಾರೆ. ಮಾಮೂಲಿ ಸ್ಕ್ಯಾನ್ ಒಂದೇ ಮಟ್ಟದ ಫೋಟೋ, ಯಂತ್ರಕ್ಕೆ ತಿರುಗಿಸಲು ಏನೂ ಇಲ್ಲ.

ಬಣ್ಣದ ಕಥೆ ಇನ್ನೂ ದೊಡ್ಡದು. ಹೆಮಟಾಕ್ಸಿಲಿನ್ ಬೀಜಕ್ಕೆ ನೀಲಿ ಕೊಡುತ್ತದೆ, ಇಯೋಸಿನ್ ಉಳಿದದ್ದಕ್ಕೆ ಗುಲಾಬಿ. ಹೆಮಟಾಕ್ಸಿಲಿನ್ ಹಾಕಿದ ಮೇಲೆ ಹರಿಯುವ ನಲ್ಲಿ ನೀರಿನಲ್ಲಿ ಹಿಡಿಯುತ್ತೇವೆ, ಆ ನೀರಿನ ಕ್ಷಾರದಿಂದ ಕೆಂಪು ಛಾಯೆ ಹೋಗಿ ನೀಲಿ ಬರುತ್ತದೆ. ಕಾಲುವೆ ನೀರಿಗೂ ಬೋರ್‌ವೆಲ್ ನೀರಿಗೂ ಛಾಯೆ ಬೇರೆ. ಹೊಸ ಬಾಟಲಿಯ ಬಣ್ಣಕ್ಕೂ ಹದಿನೈದು ದಿನ ಓಡಿಸಿದ ಬಣ್ಣಕ್ಕೂ ಬೇರೆ. ಕರೆಂಟು ಹೋಗಿ ಬಂದ ದಿನದ ಬ್ಯಾಚೇ ಬೇರೆ. ಹಳೆಯ ಡಾಕ್ಟರುಗಳು ಸ್ಲೈಡಿನ ಬಣ್ಣ ನೋಡಿ ಇದು ಯಾರ ಕೈದು ಅಂತ ಹೇಳುತ್ತಿದ್ದರು! ಈ ಬಣ್ಣದ ವ್ಯತ್ಯಾಸವನ್ನು ಕಂಪ್ಯೂಟರಿನಲ್ಲೇ ಸರಿಮಾಡುವ ಲೆಕ್ಕಗಳಿವೆ, 2009ರಿಂದಲೂ ಬಳಕೆಯಲ್ಲಿರುವಂಥವು. ಕಲಿಸುವಾಗಲೇ ಬೇಕೆಂದು ಬಣ್ಣ ಏರುಪೇರು ಮಾಡಿ ತೋರಿಸುವ ಉಪಾಯವೂ ಇದೆ. ಅವು ನೆರವಾಗುತ್ತವೆ, ನಿಜ. ಆದರೆ ಬಣ್ಣ ತಿದ್ದಬಹುದು, ಕೊಳೆತದ್ದನ್ನು ತಿದ್ದಲು ಯಾವ ಲೆಕ್ಕಕ್ಕೂ ಆಗದು.

ಹಾಗಾದರೆ ಏನು ಮಾಡಬೇಕು ಅಂತ ಕೇಳುತ್ತೀರಿ. ನಾನು ಕೇಳುವುದು ಒಂದೇ. ಯಂತ್ರ ಖರೀದಿಸುವ ಮೊದಲು ದಾವಣಗೆರೆ, ಚಿತ್ರದುರ್ಗ, ನಮ್ಮ ಈ ಎರಡು ಜಿಲ್ಲೆಯ ಸ್ಲೈಡುಗಳ ಮೇಲೆ ಅದನ್ನು ಪರೀಕ್ಷಿಸಿ. ಅದಕ್ಕೆ ಬೇಕಾದ ಗುರುತು ಹಾಕಿದ ಸ್ಲೈಡುಗಳ ಸಂಗ್ರಹವನ್ನು ನಾವೇ ಮಾಡಿಕೊಳ್ಳೋಣ.

ಇದು ಆಗದ ಮಾತಲ್ಲ. ದಾವಣಗೆರೆಯಲ್ಲಿ 1965ರಿಂದ ಮೆಡಿಕಲ್ ಕಾಲೇಜಿದೆ, ಆಮೇಲೆ ಇನ್ನೊಂದು ಬಂತು. ಚಿತ್ರದುರ್ಗದಲ್ಲಿ ಖಾಸಗಿಯದು ಮೊದಲೇ ಇತ್ತು, 2023ರಲ್ಲಿ ಸರ್ಕಾರಿ ಕಾಲೇಜೂ ಶುರುವಾಯಿತು. ಪೆಥಾಲಜಿ ಪಿಜಿ ಮಾಡುವ ಮಕ್ಕಳಿಗೆ ಥೀಸಿಸ್ ವಿಷಯ ಬೇಕು. ಯುಬಿಡಿಟಿ ಮತ್ತು ಬಿಐಇಟಿ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ರತಿ ವರ್ಷ ಕೊನೆಯ ವರ್ಷದ ಮಕ್ಕಳಿಗೆ ಪ್ರಾಜೆಕ್ಟ್ ಬೇಕು, ಎಷ್ಟೋ ಜನ ಇಂಟರ್ನೆಟ್ಟಿನಿಂದ ಅದೇ ಹಳೆಯ ಚಿತ್ರಗಳನ್ನು ಇಳಿಸಿಕೊಂಡು ಸುಮ್ನೆ ಓಡಿಸಿ ಅಂಕ ತೆಗೆದುಕೊಳ್ಳುತ್ತಾರೆ. ಚಳ್ಳಕೆರೆ ಹತ್ತಿರ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ ಇದೆ. ಇವರೆಲ್ಲ ಒಬ್ಬರಿಗೊಬ್ಬರು ಒಂದು ಬಸ್ಸಿನ ದೂರದಲ್ಲಿದ್ದಾರೆ. ಒಂದೇ ಮೇಜಿನ ಸುತ್ತ ಕೂತದ್ದನ್ನು ಮಾತ್ರ ನಾನು ನೋಡಿಲ್ಲ.

ಸ್ಕ್ಯಾನರ್ ದುಬಾರಿ ಅನ್ನುತ್ತೀರಾ? ಮೊದಲಿಗೆ ಮೈಕ್ರೋಸ್ಕೋಪಿಗೆ ಕ್ಯಾಮೆರಾ ಹಾಕಿ, ಒಂದೊಂದು ಸ್ಲೈಡಿನಿಂದ ಬೇರೆ ಬೇರೆ ಜಾಗದ ಫೋಟೋ ತೆಗೆದರೂ ಶುರು ಮಾಡಬಹುದು. ಕಣಗಳ ಗುರುತು ಕಲಿಸಲು ಇಡೀ ಸ್ಲೈಡೇ ಬೇಕೆಂದಿಲ್ಲ. ಗುವಾಹಟಿ ಐಐಟಿಯವರು ಕೋಶಬೀಜ ಗುರುತಿಸಲು ಮಾಡಿದ ಸಂಗ್ರಹದಲ್ಲಿ ಇದ್ದದ್ದು 30 ಚಿತ್ರ. ಆದರೆ ಏಳು ಬೇರೆ ಬೇರೆ ಅಂಗಗಳದ್ದು, ಒಂದೊಂದು ಬೀಜದ ಅಂಚನ್ನೂ ಗೆರೆ ಎಳೆದು ಗುರುತಿಸಿದ್ದು, ಒಟ್ಟು 21 ಸಾವಿರಕ್ಕೂ ಜಾಸ್ತಿ ಬೀಜಗಳು. ಅದರ ಮೇಲೆ 2018ರಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆಯೇ ನಡೆಯಿತು. ನಮ್ಮ ದೇಶದಲ್ಲೇ ಆದ ಕೆಲಸ. ಆ ಚಿತ್ರಗಳೂ ಮತ್ತೆ ಟಿಸಿಜಿಎಯವೇ ಅನ್ನುವುದು ನನ್ನ ಹೊಟ್ಟೆಯುರಿ.

ಗುರುತು ಹಾಕುವುದರಲ್ಲಿ ಒಂದು ಜಾಣತನ ಮಾಡಬೇಕು. ಎಚ್ ಅಂಡ್ ಇ ಮೇಲೆ ಒಬ್ಬರೇ ಡಾಕ್ಟರು ಕಣ್ಣಂದಾಜಿನಲ್ಲಿ ಚುಕ್ಕೆ ಇಟ್ಟರೆ ಅವರ ಕಣ್ಣಿನ ತಪ್ಪನ್ನೇ ಯಂತ್ರ ಕಲಿಯುತ್ತದೆ. ಅದೇ ಬ್ಲಾಕಿನ ಪಕ್ಕದ ಸೆಕ್ಷನ್ನಿಗೆ ಸಿಡಿ-3 ಬಣ್ಣ ಹಾಕಿ ಜೊತೆಯಲ್ಲಿಟ್ಟುಕೊಂಡು ನೋಡಬೇಕು. ಆಗ ಕಂದು ಬಣ್ಣವೇ ಸಾಕ್ಷಿ ಹೇಳುತ್ತದೆ. ಇನ್ನೂ ಒಳ್ಳೆಯದು ಅದೇ ಸೆಕ್ಷನ್ನಿನ ಎಚ್ ಅಂಡ್ ಇ ಫೋಟೋ ತೆಗೆದು, ಬಣ್ಣ ತೊಳೆದು, ಅದಕ್ಕೇ ಇಮ್ಯೂನೋ ಹಾಕುವುದು. ಕೈ ಪಳಗಿದ ಟೆಕ್ನಿಷಿಯನ್ ಬೇಕು, ಆಂಟಿಬಾಡಿಗೆ ದುಡ್ಡು ಬೇಕು. ಎಲ್ಲ ಸ್ಲೈಡಿಗೂ ಬೇಡ, ಒಂದಷ್ಟಕ್ಕೆ ಮಾಡಿದರೂ ಸಾಕು. ಮತ್ತೆ, ಚೆಂದದ ಸ್ಲೈಡ್ ಮಾತ್ರ ಆರಿಸಬೇಡಿ. ಮಡಿಕೆ ಬಿದ್ದದ್ದು, ತಡವಾಗಿ ಬಂದದ್ದು, ಬಣ್ಣ ಪೇಲವವಾದದ್ದು, ಎಲ್ಲವೂ ಇರಲಿ. ದಿನಾ ಬರುವುದು ಅವೇ ತಾನೆ?

ರೋಗಿಗಳ ಗುಟ್ಟಿನ ವಿಷಯ ಮರೆಯಬಾರದು. ಸ್ಲೈಡಿನ ಲೇಬಲ್ಲಿನಲ್ಲಿ ಹೆಸರು, ನಂಬರು ಇರುತ್ತದೆ. ಸ್ಕ್ಯಾನ್ ಮಾಡುವಾಗ ಲೇಬಲ್ಲಿನ ಫೋಟೋವೂ ಫೈಲಿನ ಒಳಗೆ ಸೇರಿಕೊಳ್ಳುತ್ತದೆ, ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ಅದನ್ನು ತೆಗೆದುಹಾಕಿಯೇ ಹೊರಗೆ ಕೊಡಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ಆರೋಗ್ಯ ಕ್ಷೇತ್ರದ ಕೃತಕ ಬುದ್ಧಿಮತ್ತೆಗೆ ನೀತಿ ಮಾರ್ಗಸೂಚಿ ಕೊಟ್ಟಿದೆ, ಅದೇ ವರ್ಷ ಡೇಟಾ ರಕ್ಷಣೆಯ ಕಾಯ್ದೆಯೂ ಬಂದಿದೆ. ಕಾಲೇಜಿನ ಎಥಿಕ್ಸ್ ಕಮಿಟಿ ದಾಟದೆ ಒಂದು ಫೋಟೋವೂ ಕಂಪನಿಯ ಕೈಗೆ ಹೋಗಬಾರದು. ಪುಕ್ಕಟೆ ಯಂತ್ರ ಕೊಡುತ್ತೇವೆ, ಸ್ಲೈಡ್ ನಮಗೆ ಕೊಡಿ ಅನ್ನುವವರು ಬಂದರೆ ಇನ್ನೂ ಹುಷಾರಾಗಿರಬೇಕು.

ಯಂತ್ರ ಬಂದರೆ ನಿಮ್ಮ ಕೆಲಸ ಹೋಗುತ್ತದೆ ಅಂತ ಹೆದರಿ ಬರೆಯುತ್ತಿದ್ದೀರಾ ಅಂತ ಯಾರಾದರೂ ಕೇಳಬಹುದು. ನಮ್ಮ ಕೆಲಸ ಹೋಗುವುದಿಲ್ಲ ಸ್ವಾಮಿ, ಜಾಸ್ತಿ ಆಗುತ್ತದೆ. ಮಡಿಕೆ ಬಿದ್ದ ಸ್ಲೈಡನ್ನು ಡಾಕ್ಟರು ಪರವಾಗಿಲ್ಲ ಬಿಡಿ ಅನ್ನುತ್ತಿದ್ದರು, ಸ್ಕ್ಯಾನರ್ ಫೋಕಸ್ ಸಿಗದೆ ವಾಪಸ್ ಕಳಿಸುತ್ತದೆ. ಮತ್ತೆ ಕತ್ತರಿಸಬೇಕು. ಇದಕ್ಕೆ ಹುದ್ದೆ ಬೇಕು, ತರಬೇತಿ ಬೇಕು, ಎಸಿ ಇರುವ ಒಂದು ಕೋಣೆ ಬೇಕು. ಯಂತ್ರದ ಟೆಂಡರ್ ಕರೆಯುವವರು ಈ ಮೂರನ್ನೂ ಅದೇ ಕಡತದಲ್ಲಿ ಬರೆಯಲಿ.

ಇನ್ನು ಖರೀದಿ ಸಮಿತಿಯಲ್ಲಿ ಕೂರುವವರಿಗೆ ಒಂದು ಕೋರಿಕೆ. ಡೆಮೊ ತೋರಿಸಲು ಬಂದವರು ತಮ್ಮ ಲ್ಯಾಪ್‌ಟಾಪಿನಲ್ಲಿ ತಂದ ಚಿತ್ರಗಳನ್ನು ಓಡಿಸಲು ಬಿಡಬೇಡಿ. ನಮ್ಮ ಕಪಾಟಿನಿಂದ ತೆಗೆದು ಕೊಡಿ. ಒಂದು ಲೋಬ್ಯುಲರ್, ಒಂದು ಅಡಿಕೆ ಬಾಯಿಯದು, ಒಂದು ಏಪ್ರಿಲ್ ತಿಂಗಳದ್ದು, ಒಂದು ಸಲೈನಿನಲ್ಲಿ ಬಂದದ್ದು. ಕೊಡುವ ಮೊದಲು ಇಬ್ಬರು ಪೆಥಾಲಜಿಸ್ಟರು ಬೇರೆ ಬೇರೆ ಕೂತು ನೋಡಿ ಬರೆದಿಟ್ಟಿರಲಿ. ಆಮೇಲೆ ಯಂತ್ರ ಎಷ್ಟು ಬಿಟ್ಟಿತು, ಎಷ್ಟು ಅಲ್ಲದ್ದನ್ನು ಹೌದು ಅಂದಿತು ಅಂತ ಲೆಟರ್‌ಹೆಡ್ಡಿನಲ್ಲಿ ಬರೆದು ಸಹಿ ಹಾಕಿ ಕೊಡಲು ಹೇಳಿ. ಕೊಡಲಿಲ್ಲವೆಂದರೆ ಟೀ ಕುಡಿಸಿ ಕಳಿಸಿಬಿಡಿ.

ಇಂತಿ,
ಒಬ್ಬ ಹಿಸ್ಟೋಪೆಥಾಲಜಿ ಟೆಕ್ನಿಷಿಯನ್,
ದಾವಣಗೆರೆ
(ಹೆಸರು ಪ್ರಕಟಿಸಬಾರದಾಗಿ ಕೋರಿಕೆ)